ಬೆಲ್ಲಕ್ಕೆ ಫ್ಯಾನು, ಹೆಂಡತಿಗೆ ಕಟ್ಟೆ

ಮಳೆಗಾಲ ಬಂತೆಂದರೆ ಬೆಲ್ಲ ಬೆವರುತ್ತದೆ. ಮಹಾರಾಷ್ಟ್ರದ ಗಡಿಯೂರು ಔರಾದ ಶಹಾಜನಿಯ ಧೂಳಪ್ಪ ಈ ಸಲ ಬೆಲ್ಲದ ದೊಡ್ಡ ಅಚ್ಚುಗಳಾದ ಪೆಂಟಿಗಳನ್ನೆಲ್ಲ ಪಡಸಾಲೆಯ ಫ್ಯಾನಿನ ಕೆಳಗೆ ಮಲಗಿಸಿದ್ದ. ಹೆಂಡತಿ ಕಸ್ತೂರಬಾಯಿ ಸೊಳ್ಳೆ ಹೊಡೆಯುತ್ತ ಹೊರಗಿನ ಕಟ್ಟೆಯ ಮೇಲೆ ಮಲಗುತ್ತಿದ್ದಳು.

“ನನಗ ಒಂದಿನಾನೂ ಹಿಂಗ ಗಾಳಿ ಹಾಕಿದವರಲ್ಲ ಇವರು,” ಎನ್ನುತ್ತ ಆಕೆ ಪಕ್ಕದ ಮನೆಯ ಮೀನಲಳನ್ನು ಕರೆತಂದಳು. “ಉದಗೀರ ವ್ಯಾಪಾರಿ ಟೆಂಪೋ ತಂದು ಬಾಗಿಲಿಗೆ ನಿಲ್ಲಿಸ್ಯಾನ. ಇವರು ಕೊಡಂಗಿಲ್ಲಂತ. ಪೆಂಟಿ ಜಿನುಗ್ಲಾಕತ್ತ್ಯಾವ. ವರ್ಷದ ಕಬ್ಬೆಲ್ಲಾ ಇರುವಿ ಪಾಲಾತು!”

ಮೀನಲ ರೈತರ ಕಂಪನಿಯಲ್ಲಿ ಮಾಲು ಖರೀದಿ ನೋಡುವವಳು. “ಯಾಕ್ರಿ ಕಾಕಾ?” ಎಂದಳು.

ಧೂಳಪ್ಪ ಪೆಂಟಿಯ ಮೇಲೆಯೇ ಕೂತಿದ್ದ. “ಹೊಟೇಲದಾಗ ಒಬ್ಬಂವ ಹೇಳ್ಯಾನ. ಬೆಲ್ಲ ದುಬೈಗೆ ಹೋದ್ರ ಸರ್ಕಾರ ರಫ್ತು ಸಬ್ಸಿಡಿ ಕೊಡ್ತದಂತ. ಆಧಾರ, ಹೊಲದ ಉತಾರಾ ಕಾಗದ ಕೊಟ್ರ ಅಂವನೇ ಎಲ್ಲಾ ಮಾಡ್ತಾನ.”

“ಅಂವನ ಚಾದ ರೊಕ್ಕ ಯಾರು ಕೊಟ್ರಿ?”

“ನಾನೇ.”

“ಸಬ್ಸಿಡಿ ಆಗಲೇ ಸುರು ಆಗ್ಯದ ಬಿಡ್ರಿ, ಅಂವಗ,” ಎಂದಳು ಮೀನಲ. “ಹೊರದೇಶಕ್ಕ ಕಳಿಸೋ ಬೆಳಿಗೆ ಸರ್ಕಾರ ಹಂಗ ರೊಕ್ಕ ಕೊಡಬಾರದಂತ ವಿಶ್ವ ವ್ಯಾಪಾರ ಸಂಸ್ಥೆದಾಗ ದೇಶಗೋಳು ಕರಾರು ಮಾಡ್ಯಾವ. ನಮ್ಮ ದೇಶನೂ ಒಪ್ಪ್ಯದ.”

“ಮುಂಬೈ ಸರ್ಕಾರ ಒಪ್ಪಿರಬೇಕು. ಅಗ್ಗ ಅಂತ ಡೀಸೆಲ್ ಗಡಿ ಆಚೆ ಹೋಗಿ ಹಾಕಸ್ತೀನಲ್ಲ, ಬೆಲ್ಲಾನೂ ಭಾಲ್ಕಿಗೆ ಒಯ್ತೀನಿ. ಬೆಂಗಳೂರು ಸರ್ಕಾರ ಕೊಡ್ತದ!”

ಗಡಿಯಲ್ಲಿ ಹುಟ್ಟಿದವನಿಗೆ ಯಾವ ಕಾಯ್ದೆಯಾದರೂ ಹಳ್ಳ ದಾಟಿದರೆ ಮುಗಿಯಿತೆಂಬ ನಂಬಿಕೆ.

“ಭಾಲ್ಕ್ಯಾಗೂ ಇದೇ, ದುಬೈದಾಗೂ ಇದೇ. ಯಾವ ಹಳ್ಳ ದಾಟ್ತೀರಿ ಕಾಕಾ?”

“ಇಂಥಾ ಕಾಯ್ದೆ ಯಾಕವಾ ಮತ್ತ?”

“ಹೋದ ವರ್ಷ ಸಂತ್ಯಾಗ ಕಾಶೆಪ್ಪ ಸಾಹುಕಾರ ಮನಿ ರೊಕ್ಕ ಸುರುವಿ ಬೆಲ್ಲ ಅಗ್ಗ ಮಾರಿದಾಗ ನಿಮ್ಮದು ಯಾರರೆ ಮುಟ್ಟಿದ್ರಾ?”

“ಅಂವನ ಹೆಸರು ತೆಗಿಬ್ಯಾಡ!”

“ದೊಡ್ಡ ದೇಶಗೋಳು ನಮ್ಮ ಮ್ಯಾಲ ಹಂಗ ಮಾಡಬಾರದು, ನಾವೂ ಮಾಡಬಾರದು. ಅದಕ್ಕೇ ಈ ಕರಾರು.”

“ಹಂಗಾದ್ರ ಸರ್ಕಾರ ಏನೂ ಮಾಡಂಗಿಲ್ಲೇನು?”

“ತರಬೇತಿ, ಮಾಲಿನ ತಪಾಸಣಿ, ಇಂಥಾದ್ದಕ್ಕ ಅಡ್ಡಿ ಇಲ್ರಿ. ಮುಂದಿನ ಹಂಗಾಮಿಗೆ ಕಂಪನಿಗೆ ಬರ್ರಿ, ಕಸರಿಲ್ಲದ ಬೆಲ್ಲ ಮಾಡೋಣು. ದುಬೈದಂವ ಮಾಲು ನೋಡಿ ತಗೋತಾನ. ಇದನ್ನ ಮಾತ್ರ ಇವತ್ತೇ ಮಾರ್ರಿ.”

ಅಷ್ಟರಲ್ಲಿ ಹೊರಗೆ ಟೆಂಪೋ ಹೊರಡಲೆಂದು ಗುರುಗುಟ್ಟಿತು. “ಏ, ನಿಂದರು!” ಎಂದು ಧೂಳಪ್ಪ ಏಳಹೋದ. ಅವನು ಎದ್ದ, ಧೋತರ ಏಳಲಿಲ್ಲ. ಜಿನುಗಿದ ಬೆಲ್ಲ ಅದನ್ನು ಬಿಗಿಯಾಗಿ ಹಿಡಿದಿತ್ತು. ಇರುವೆಗಳಾಗಲೇ ಅವನ ಮೈಮೇಲೇರಿದ್ದವು.

“ನೀವು ಕೂಡ್ರಿ, ಬಂದ ಬೀಗರನ್ನ ಮಾತಾಡಸ್ರಿ,” ಎನ್ನುತ್ತ ಕಸ್ತೂರಬಾಯಿ ಓಡಿಹೋಗಿ ಟೆಂಪೋ ತಡೆದಳು.

ಗಟ್ಟಿಯಿದ್ದ ಬೆಲ್ಲವೆಲ್ಲ ಉದಗೀರಕ್ಕೆ ಹೋಯಿತು. ಜಿನುಗಿದ್ದು ಎಮ್ಮೆಯ ಬಾಯಿಗೆ.

ರೈತ ಬಂಧುಗಳೇ, ಅಕ್ಕ-ತಂಗಿಯರೇ, ರಫ್ತು ಸಬ್ಸಿಡಿ ಕೊಡಿಸುವೆನೆಂದು ಯಾರಾದರೂ ಕಾಗದಪತ್ರ ಕೇಳಿದರೆ ಕೊಡಬೇಡಿ. ಮೊದಲು ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಮಾಲು ಚೊಕ್ಕ ಮಾಡಿ, ಕೆಡುವ ಮೊದಲೇ ಮಾರಿ. ಇಲ್ಲದ ಸಬ್ಸಿಡಿಗೆ ಕಾಯ್ದು ಕೂತವರ ಗತಿ ತಿಳಿಯಬೇಕಾದರೆ ಔರಾದ ಶಹಾಜನಿಗೆ ಬನ್ನಿ. ಈಗ ಕಸ್ತೂರಬಾಯಿ ಫ್ಯಾನಿನ ಕೆಳಗೆ ಮಲಗುತ್ತಾಳೆ. ಧೂಳಪ್ಪ ಕಟ್ಟೆಯ ಮೇಲೆ ಬೋರಲಾಗಿ ಮಲಗಿ ಇರುವೆ ಕಚ್ಚಿದಲ್ಲೆಲ್ಲ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದಾನೆ.