ಬಿರುಕಿಗೆ ಅಂಟಿಸಿದ ಗಾಜು

ಮಾವ ಮೊಳೆಯ ತುದಿಯನ್ನು ಗೋಡೆಯ ಮೂಲೆಯ ಬಿರುಕಿನೊಳಗೆ ತೂರಿಸಿ ನೋಡುತ್ತಿದ್ದರೆ, ಹಿಂದೆ ನಿಂತ ಓನರಮ್ಮನ ಬಾಯಿಗೆ ಪುರುಸೊತ್ತೇ ಇರಲಿಲ್ಲ.

"ಮೂರು ತಿಂಗಳಿಂದ ದಿನಾ ಸಂಜೆ ಧಬಧಬ ಅಂತ ಕುಣೀತಾಳೆ ನಿಮ್ಮ ಅಕ್ಕನ ಮಗಳು. ಪಾಯ ಬಿರುಕು ಬಿಡದೆ ಇನ್ನೇನು ಮಾಡುತ್ತೆ? ಕುಣಿಯೋದು ಬಿಡಲಿ, ಇಲ್ಲಾ ತಿಂಗಳ ಕೊನೆಗೆ ಮನೆ ಖಾಲಿ ಮಾಡಲಿ."

ಹುಡುಗಿ ತುಟಿ ಕಚ್ಚಿಕೊಂಡಳು. ಕಾಲೇಜಿನ ನೃತ್ಯ ತಂಡಕ್ಕೆ ಅವಳು ಸೇರಿದ್ದೇ ಮೂರನೇ ಸಲದ ಪ್ರಯತ್ನದಲ್ಲಿ. ಸ್ಪರ್ಧೆಗೆ ಉಳಿದದ್ದು ಐದು ವಾರ. ಹಾಸ್ಟೆಲಿಗೆ ಹೋಗೋಣವೆಂದರೆ ಅಲ್ಲಿ ಮಗ್ಗುಲು ಬದಲಿಸಲೂ ಜಾಗವಿಲ್ಲ. ಕೈಕಾಲು ಬೀಸಲು ಸಿಕ್ಕಿದ್ದು ಈ ಬಾಡಿಗೆ ಮನೆಯ ಮುಂದಿನ ಕೋಣೆಯೊಂದೇ. ಅದು ಹೋದರೆ ತಂಡವೂ ಹೋದ ಹಾಗೆ. ಬಿರುಕು ಕಂಡ ದಿನವೇ ಯಾರಿಗಾದರೂ ಹೇಳುವುದು ಬಿಟ್ಟು, ಈ ಜಾಣೆ ಅದಕ್ಕೆ ಟೂತ್‌ಪೇಸ್ಟ್ ಮೆತ್ತಿ ಕೂತಿದ್ದಳು.

ಮಾವ ಮೊಳೆ ಹೊರಗೆಳೆದು ಮೂಸಿದರು. "ಪುಟ್ಟೀ, ಗೋಡೆಗೆ ಹಲ್ಲು ಬಂದಿತ್ತೇನೆ?"

ಹುಡುಗಿಗೆ ನಗುವೂ ಬಂತು, ಅಳುವೂ ಬಂತು.

ಮಾವ ನಲವತ್ತು ವರ್ಷ ಗೋಡೆ ಕಟ್ಟಿದ ಮೇಸ್ತ್ರಿ. ಒಳಗೆ ಕಂಡದ್ದನ್ನು ಹೊರಗೂ ನೋಡದೆ ಮಾತಾಡುವವರಲ್ಲ. ಹೊರಗೆ ಅದೇ ಮೂಲೆಯಲ್ಲಿ ಬಿರುಕು ನೆಲದಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತಿತ್ತು. ಅದರ ಬುಡದಲ್ಲೇ ಓನರಮ್ಮನ ಗುಲಾಬಿ ಸಾಲು, ಸಾಲಿನೊಳಗೆ ಹರಿಯುತ್ತಿದ್ದ ಪೈಪು.

"ನೀರು ಬಿಟ್ಟು ಎಷ್ಟು ಹೊತ್ತಾಯ್ತಮ್ಮಾ?"

"ಬೆಳಿಗ್ಗೆ ಬಿಟ್ಟಿದ್ದು. ಗಿಡ ಅಂದಮೇಲೆ ನೀರು ಬೇಡ್ವಾ?"

"ಗಿಡ ಕುಡಿದು ಮಿಕ್ಕಿದ್ದನ್ನ ಪಾಯ ಕುಡೀತಿದೆ. ಅಡಿ ಮಣ್ಣು ಮೆತ್ತಗಾಗಿ ಮೂಲೆ ಕುಸೀತಿದೆ ಅನ್ಸುತ್ತೆ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ! ನನ್ನ ಗುಲಾಬಿ ತಲೆಗೆ ಕಟ್ಟಬೇಡಿ ಮೇಸ್ತ್ರಿಗಳೇ."

ಮಾವ ವಾದಕ್ಕೆ ಇಳಿಯಲಿಲ್ಲ. ಚೀಲದಿಂದ ತೆಳುವಾದ ಗಾಜಿನ ಪಟ್ಟಿ ತೆಗೆದು, ಹೊರಗಿನ ಬಿರುಕಿಗೆ ಅಡ್ಡವಾಗಿಟ್ಟು, ಎರಡೂ ತುದಿಗೆ ಸಿಮೆಂಟು ಮೆತ್ತಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಕು ಬರೆದರು.

"ಗೋಡೆ ಕೂದಲೆಳೆಯಷ್ಟು ಸರಿದರೂ ಇದು ಒಡೆಯುತ್ತೆ. ಸಿಮೆಂಟು ಗಟ್ಟಿಯಾದ ಮೇಲೆ ಒಂದು ವಾರ ಇವಳು ಕುಣೀಲಿ, ಪೈಪು ಬಂದ್. ಇನ್ನೊಂದು ವಾರ ಪೈಪು ಬಿಡಿ, ಇವಳು ಕುಣಿಯಲ್ಲ. ಆಮೇಲೆ ಗಾಜು ಹೇಳಿದ ಹಾಗೆ."

"ಆಯ್ತು. ನ್ಯಾಯ ಅಂದ್ರೆ ನ್ಯಾಯ," ಅಂದರು ಓನರಮ್ಮ. ಗೆಲುವು ತಮ್ಮದೇ ಅಂತ ಅವರಿಗೆ ಖಾತ್ರಿ.

ಮೊದಲ ವಾರ ಸಂಜೆಯಾಯಿತೆಂದರೆ ಕುರ್ಚಿ ಕಿಟಕಿಯ ಹತ್ತಿರ ಬರುತ್ತಿತ್ತು, ಕುರ್ಚಿಯ ಮೇಲೆ ಓನರಮ್ಮ. "ಇದೇನೇ, ಇರುವೆ ಓಡಾಡಿದ ಹಾಗೆ? ಜೋರಾಗಿ ಹಾಕು ಹೆಜ್ಜೆ!" ತಂಡದ ಗುರುಗಳೂ ಇಷ್ಟು ದುಡಿಸಿರಲಿಲ್ಲ. ನಾಲ್ಕನೇ ದಿನಕ್ಕೆ ಓನರಮ್ಮನ ಕಾಲೇ ಕುರ್ಚಿಯ ಕೆಳಗೆ ತಾಳ ಹಾಕತೊಡಗಿತು. "ತಿರುಗುವಾಗ ಎಡಗೈ ತಡವಾಗುತ್ತೆ ನೋಡು," ಅಂದರು. ಹುಡುಗಿ ಇನ್ನೊಮ್ಮೆ ತಿರುಗಿ ನೋಡಿದಳು. ಹೌದು, ತಡವಾಗುತ್ತಿತ್ತು. ಗಾಜು ಮಾತ್ರ ಇದ್ದ ಹಾಗೇ ಇತ್ತು.

ಎರಡನೇ ವಾರ ಪೈಪಿನ ಸರದಿ. ಹುಡುಗಿ ಟೇಬಲನ್ನು ಕೋಣೆಯ ನಡುವಿಗೆ ಎಳೆದುಕೊಂಡು ಪುಸ್ತಕ ಹರಡಿ ಕೂತಳು. ಓದು ತಲೆಗೆ ಹತ್ತಲಿಲ್ಲ. ಈ ವಾರವೂ ಗಾಜು ಒಡೆಯದಿದ್ದರೆ? ಆಗ ತಪ್ಪು ಸುತ್ತಿ ಬಳಸಿ ತನ್ನ ಕಾಲಿಗೇ ಬರುತ್ತದೆ ಅಂತ ಅವಳಿಗೆ ಹೆದರಿಕೆ. ಕಿಟಕಿಯ ಹತ್ತಿರ ಕುರ್ಚಿಯೂ ಬರಲಿಲ್ಲ.

ಐದನೇ ದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಒದ್ದೆ ಕೈಯಲ್ಲಿ ಓನರಮ್ಮ ನಿಂತಿದ್ದರು.

"ಒಡೆದಿದೆ."

ಹುಡುಗಿ ಓಡಿಹೋಗಿ ನೋಡಿದಳು. ಗಾಜು ನಡುವಿಗೆ ಸೀಳಿತ್ತು. ಅವಳಿಗೆ ಕುಣಿದಾಡುವಷ್ಟು ಖುಷಿಯಾಯಿತು; ಓನರಮ್ಮನ ಮುಖ ನೋಡಿ ಪಾಪ ಅಂತಲೂ ಅನ್ನಿಸಿತು. ಮೊದಲು ಕಂಡವರು ಅವರೇ. ಗಾಜು ಕಿತ್ತೆಸೆದು ಸುಮ್ಮನಿದ್ದಿದ್ದರೆ ಕೇಳುವವರು ಯಾರಿದ್ದರು?

"ಪೈಪು ಮುಚ್ಚಿದ್ದೀನಿ. ಗಿಡ ಬೇಲಿ ಹತ್ತಿರ ನೆಡ್ತೀನಿ," ಅಂದರು ಓನರಮ್ಮ. "ನಿಮ್ಮ ಮಾವನಿಗೆ ಫೋನ್ ಮಾಡು. ಪಾಯ ಅವರೇ ಸರಿ ಮಾಡಲಿ, ಖರ್ಚು ನಂದು."

ಭಾನುವಾರ ಬರುತ್ತೇನೆ, ಅಲ್ಲಿಯವರೆಗೆ ಹೆದರುವಂಥದ್ದೇನಿಲ್ಲ ಅಂದರು ಮಾವ. ಹುಡುಗಿ ಫೋನ್ ಇಟ್ಟರೂ ಓನರಮ್ಮ ಹೊಸ್ತಿಲು ಬಿಟ್ಟು ಕದಲಲಿಲ್ಲ.

"ಕಾಲೇಜಿಗೆ ಎಷ್ಟು ಹೊತ್ತಿಗೆ ಹೋಗಬೇಕು?"

"ಇನ್ನೂ ಒಂದು ಗಂಟೆ ಇದೆ ಆಂಟಿ."

ಓನರಮ್ಮ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಪುಸ್ತಕಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಮಂಚದ ಮೇಲಿಟ್ಟು, ಟೇಬಲಿನ ಒಂದು ತುದಿ ಹಿಡಿದು, ಇನ್ನೊಂದು ತುದಿಯನ್ನು ಹುಡುಗಿ ಹಿಡಿಯಲಿ ಅಂತ ಕಾದು ನಿಂತರು.