ಬಾಗಿಲು ಹಿಡಿಯಬೇಡಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎನ್ನುತ್ತಾಳೆ ಅಕ್ಕ. ಅವಳದೇನು ಕಡಿಮೆಯೇ? ಗಾಲಿಕುರ್ಚಿಯಲ್ಲಿ ಕೂತು ಬಟ್ಟೆ ಹೊಲಿಯುವ ಅವಳ ಅಂಗಡಿಯ ಎದುರಿಗೇ ಗ್ರಂಥಾಲಯ. ಎದುರಿಗಿದ್ದು ಏನು ಬಂತು, ಬಾಗಿಲಿಗೆ ಮೆಟ್ಟಿಲು! ಹಾಗಾಗಿ ಪುಸ್ತಕ ಆರಿಸಿ ತರುವವಳು ನಾನು.

"ನೀನು ತರೋದೆಲ್ಲಾ ಬರೀ ಉಪದೇಶ ಕಣೇ. ಒಂದ್ಸಲ ನಾನೇ ಒಳಗೆ ಹೋಗಿ ಆರಿಸ್ಕೋಬೇಕು. ಯಾರೂ ಎತ್ಬಾರ್ದು, ತಳ್ಳಲೂಬಾರ್ದು," ಎನ್ನುತ್ತಿದ್ದಳು.

ನಾನು ಸಿವಿಲ್ ಎಂಜಿನಿಯರಿಂಗ್ ಕಲಿಸುವವಳು. ಪಾಠವನ್ನು ಜನರ ನಡುವೆ ಒಯ್ಯುವ ಅಧ್ಯಾಪಕರಿಗೆ ವಿಶ್ವವಿದ್ಯಾಲಯ ಕಿರು ಅನುದಾನ ಕೊಡುತ್ತದೆ ಎಂದು ತಿಳಿದದ್ದೇ ತಡ, ಅರ್ಜಿ ಹಾಕಿದೆ. ಸಿಕ್ಕಿತು! ಆ ವರ್ಷ ಇಳಿಜಾರಿನ ಪಾಠ ನಡೆದದ್ದು ಗ್ರಂಥಾಲಯದ ಮುಂದೆ. ವಿದ್ಯಾರ್ಥಿಗಳು ಅಳೆದರು, ಗಾರೆ ಕಲಸಿದರು, ಮೆಟ್ಟಿಲ ಪಕ್ಕ ಬಾಗಿಲಿನವರೆಗೂ ಇಳಿಜಾರು ಕಟ್ಟಿದರು. ಗಾಲಿಕುರ್ಚಿಯೊಂದನ್ನು ತಂದು, ಅದರಲ್ಲಿ ಕೂತು ಸರದಿಯಂತೆ ಹತ್ತಿ ಇಳಿದರು.

ಇಳಿಜಾರಿನ ಪರೀಕ್ಷೆಯ ದಿನ ಅನುದಾನ ಸಮಿತಿಯ ಹಿರಿಯರೊಬ್ಬರು ಬಂದರು. "ಮೇಡಂ ಪಾಠ ಬಿಟ್ಟು ಗಾರೆ ಕೆಲಸ ಹಿಡಿದಿದ್ದಾರೆ," ಎಂದು ನಗೆಯಾಡಿದ್ದವರು ಇವರೇ.

ಅಕ್ಕ ತಾನೇ ಗಾಲಿ ತಿರುಗಿಸುತ್ತ ಸಲೀಸಾಗಿ ಮೇಲೆ ಬಂದಳು. ವಿದ್ಯಾರ್ಥಿನಿಯೊಬ್ಬಳು ಓಡಿ ಬಾಗಿಲು ತೆರೆದು ಹಿಡಿದಳು.

"ಬಿಡಮ್ಮ ಬಾಗಿಲು. ನಾಳೆ ನೀನಿರ್ತೀಯಾ?"

ಹುಡುಗಿ ಬಿಟ್ಟಳು. ಅಕ್ಕ ಹಿಡಿಕೆ ಎಳೆದಳು. ಹೊರಕ್ಕೆ ತೆರೆಯುವ ಬಾಗಿಲು ಅವಳ ಮೊಣಕಾಲಿಗೇ ತಗುಲಿತು. ಗಾಲಿಯಿಂದ ಕೈ ತೆಗೆದಾಗಲೆಲ್ಲ ಕುರ್ಚಿ ಹಿಂದಕ್ಕೆ ಜಾರಿತು.

ಅಯ್ಯೋ ನಮ್ಮ ಬುದ್ಧಿಯೇ! ಅಭ್ಯಾಸದ ದಿನಗಳಲ್ಲಿ ಕುರ್ಚಿಯಲ್ಲಿದ್ದವರಿಗೆ ಉಳಿದವರು ಬಾಗಿಲು ಹಿಡಿದಿದ್ದರು. ಮರ್ಯಾದಸ್ಥ ಮಕ್ಕಳು! ಆ ಮರ್ಯಾದೆಯಿಂದಲೇ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ನನ್ನ ಕಣ್ಣಿಗೂ.

"ಪರೀಕ್ಷೆ ಮುಗೀತಲ್ಲ ಮೇಡಂ?" ಹಿರಿಯರು ಗಡಿಯಾರ ನೋಡಿದರು.

ನನಗೆ ಮೈಯೆಲ್ಲ ಉರಿಯಿತು. "ಇಲ್ಲ ಸರ್, ಈಗ ಶುರು. ಕೂತ್ಕೊಳ್ಳಿ!"

ವಿದ್ಯಾರ್ಥಿಗಳಿಗೆ ಹೇಳಬೇಕಾಗಲೇ ಇಲ್ಲ. ಗ್ರಂಥಪಾಲಕಿಯ ಒಪ್ಪಿಗೆ ಕೇಳಿ ಬಂದರು. ಬಾಗಿಲು ಕಳಚಿದರು, ಅದು ಒಳಕ್ಕೆ ತೆರೆಯುವಂತೆ ಕೀಲುಗಳನ್ನು ಚೌಕಟ್ಟಿನ ಒಳಬದಿಗೆ ಕೂರಿಸಿದರು. ಬಾಗಿಲನ್ನು ಮತ್ತೆ ಎತ್ತುವಾಗ ಹೆಗಲು ಕೊಟ್ಟವರಲ್ಲಿ ಹಿರಿಯರೂ ಇದ್ದರು.

ಅಕ್ಕ ಮತ್ತೆ ಹತ್ತಿದಳು. ಎರಡೂ ಕೈ ಗಾಲಿಯ ಮೇಲೇ ಇದ್ದವು. ಕುರ್ಚಿಯ ಕಾಲುಹಲಗೆಯಿಂದ ಬಾಗಿಲನ್ನು ತಳ್ಳಿದಳು. ತೆರೆಯಿತು! ಶಿಳ್ಳೆ, ಚಪ್ಪಾಳೆ, ಗದ್ದಲ. ನಾನಂತೂ ಅತ್ತೇಬಿಟ್ಟೆ. ನಾವೆಲ್ಲ ಹಿಂದೆಯೇ ನುಗ್ಗಲು ಹೋದರೆ ಅವಳು ಗದರಿದಳು.

"ಎಲ್ರೂ ಎಲ್ಲಿಗೆ ಬರ್ತೀರಾ? ಹೊರಗಿರಿ!"

ಹೊರಗೆ ಕಾದೆವು. "ಮುಂದಿನ ವರ್ಷಕ್ಕೂ ಅರ್ಜಿ ಹಾಕಿ ಮೇಡಂ. ನಾನಿದ್ದೀನಿ," ಎಂದರು ಹಿರಿಯರು, ಕೈಗೆ ಅಂಟಿದ ಧೂಳು ಒರೆಸಿಕೊಳ್ಳುತ್ತ.

ಸಂಜೆ ಬಾಗಿಲು ಒಳಕ್ಕೆ ಸರಿಯಿತು. ಒಳಗೆ ನೆಲ ಸಮ, ಕುರ್ಚಿ ಜಾರುವ ಮಾತೇ ಇಲ್ಲ. ಅಕ್ಕ ತಾನೇ ಎಳೆದುಕೊಂಡು ಬಂದಳು. ಅವಳ ತೊಡೆಯ ಮೇಲೆ ಗಲ್ಲಕ್ಕೆ ತಾಗುವಷ್ಟು ಪತ್ತೇದಾರಿ ಕಾದಂಬರಿಗಳಿದ್ದವು.

"ಇಷ್ಟು ವರ್ಷ ಇವನ್ನೆಲ್ಲಾ ನನ್ನಿಂದ ಮುಚ್ಚಿಟ್ಟಿದ್ಯಲ್ಲೇ, ಪಾಪಿ!"