ಗಾಜಿನ ಕೋಣೆಯ ಗಾಡಿ

ಸಲ್ಮಾ ಗಾಡಿಯ ಗಾಲಿ ತಿಕ್ಕುತ್ತಿದ್ದಳು. ಒಂದು ತಂಬಿಗೆ ಬಿಸಿನೀರು, ಪಾತ್ರೆ ತೊಳೆಯುವ ಪುಡಿ, ತೆಂಗಿನ ನಾರು. ವಡೆಯ ಎಣ್ಣೆ ಸಿಡಿದು ಸಿಡಿದು ಕಟ್ಟಿಗೆಯ ಮೇಲೆ ಇನ್ನೊಂದು ತೊಗಲಿನ ಹಾಗೆ ಕೂತಿತ್ತು. ಉಗುರು ಹಾಕಿ ಕೆರೆದರೆ ಸುರುಳಿಯಾಗಿ ಏಳುತ್ತಿತ್ತು. ಅವಳ ಅವ್ವ ಅಂಜುಮ ಆಚೆ ಕಡೆ ಕುಕ್ಕರುಗಾಲಲ್ಲಿ ಕೂತು ಇನ್ನೊಂದು ಗಾಲಿ ತಿಕ್ಕುತ್ತಿದ್ದಳು. ಚಾಳಿನ ಮೋರಿಯಲ್ಲಿ ಕಪ್ಪು ನೀರು ಹರಿಯಿತು.

ಹೊಸ್ತಿಲ ಮೇಲೆ ಕೂತ ಅಜ್ಜ ಗುಡುಸಾಬನಿಗೆ ತಡೆಯಲಾಗಲಿಲ್ಲ.

"ಮದಿವಿ ಕುದರಿಗೂ ಇಷ್ಟ ತಿಕ್ಕೂದಿಲ್ಲ, ಬಿಡ್ರಬೇ."

"ನಿಮ್ಮ ಧಣಿ ಮನಿಗೆ ಹೊಂಟೈತಿ ಮಾವಾ," ಅಂದಳು ಅಂಜುಮ. "ಹೊಲಸ ಇದ್ರ ಯಾರಿಗೆ ಅವಮಾನ?"

ಮರುದಿನ ಶಾಮಣ್ಣ ಫ್ಯೂಯೆಲ್ಸ್ ಕಂಪನಿಗೆ ಅರವತ್ತು ವರ್ಷ ತುಂಬುತ್ತಿತ್ತು. ಜೋಗೇಶ್ವರಿ ಬಡಾವಣೆಯ ಅವರ ಪೆಟ್ರೋಲ್ ಪಂಪಿನಲ್ಲಿ ದೊಡ್ಡ ಕಾರ್ಯಕ್ರಮ. ಅದಕ್ಕೆ ಈ ಗಾಡಿ ಬೇಕಾಗಿತ್ತು.

ಕಂಪನಿಯ ಕಥೆ ಪಂಪಿನ ಗೋಡೆಯ ಮೇಲೆಯೇ ಇದೆ, ಓದಬಹುದು. ಶಾಮಣ್ಣ ಮೈಸೂರು ಸೀಮೆಯಿಂದ ಬರಿಗೈಯಲ್ಲಿ ಬಂದು ಗಲ್ಲಿ ಗಲ್ಲಿಗೆ ಸೀಮೆಎಣ್ಣೆ ಗಾಡಿ ತಳ್ಳಿದರು. ಮಗ ಸದಾನಂದ ಗ್ಯಾಸ್ ಏಜೆನ್ಸಿ ತಂದರು, ಪಂಪು ಕಟ್ಟಿದರು. ಮೊಮ್ಮಗ ಅಚಿಂತ್ಯ ಮೊಬೈಲ್ ಒತ್ತಿದರೆ ಮನೆ ಬಾಗಿಲಿಗೆ ಡೀಸೆಲ್ ಕಳಿಸುತ್ತಾನೆ. ಮೂವರ ಫೋಟೋನೂ ಇದೆ. ಮೂವರ ಬೂಟೂ ಫಳಫಳ ಹೊಳೆಯುತ್ತವೆ.

ಗಾಡಿ ತಳ್ಳಿದವನು ಗುಡುಸಾಬ. ಶಾಮಣ್ಣ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕೂರುತ್ತಿದ್ದರು. ಅವರ ಷೋಡಶೋಪಚಾರಕ್ಕೆಲ್ಲ ಬೇರೆ ಕೈ ಇತ್ತು, ಗಾಡಿಗೆ ಗುಡುಸಾಬನ ಕೈ ಇತ್ತು. ಅವನ ಮೈಯಿಂದ ಎಣ್ಣೆಯ ವಾಸನೆ ಎಂದೂ ಹೋಗಲಿಲ್ಲ. "ಇಂವ ಮನ್ಯಾಗ ಬಂದ್ರ ದೀಪಾ ಆರಸಬೇಕವಾ, ಎಲ್ಲಿ ಹೊತ್ತಿಗೊಂತಾನೋ," ಎಂದು ಅವನ ಹೆಂಡತಿ ದಾವಲಬಿ ಬದುಕಿರುವತನಕ ನಗಾಡುತ್ತಿದ್ದಳು.

ಸದಾನಂದನ ಕಾಲಕ್ಕೆ ಗುಡುಸಾಬನ ಮಗ, ಸಲ್ಮಾಳ ಅಪ್ಪ ಅಕೀಲ ಸಿಲಿಂಡರ್ ಹೊತ್ತ. ಬಿಲ್ಡಿಂಗಿನವರು ಲಿಫ್ಟಿನಲ್ಲಿ ಸಿಲಿಂಡರ್ ಬಿಡುತ್ತಿರಲಿಲ್ಲ. ಅವರ ಲಿಫ್ಟಿಗೆ ಗೀರು ಬೀಳುತ್ತದಂತೆ. ಶಾಮಣ್ಣನ ಮನೆತನ ಮೂರು ತಲೆಮಾರು ಮೇಲೆ ಹತ್ತಿತು. ಅಕೀಲ ಬರೀ ಮೆಟ್ಟಿಲು ಹತ್ತಿದ. ಈಗ ಸೊಂಟ ಹೋಗಿ, ಸಂಡಾಸಕ್ಕೂ ಗೋಡೆ ಹಿಡಿದು ನಡೆಯುತ್ತಾನೆ.

ಸೀಮೆಎಣ್ಣೆ ವ್ಯಾಪಾರ ನಿಂತ ದಿನ ಶಾಮಣ್ಣ ಹೇಳಿದ್ದರು: "ಗುಡುಸಾಬ, ಆ ಗುಜರಿ ನೀನೇ ತಗೊಂಡ್ಹೋಗಪ್ಪ. ಸುಮ್ಮನೆ ಜಾಗ ತಿನ್ನುತ್ತೆ." ಒಂದು ಆಯುಷ್ಯದ ದುಡಿಮೆಗೆ ಅಷ್ಟು ಸನ್ಮಾನ.

ಆ ಗುಜರಿಯೇ ಮನೆ ಸಾಕಿತು. ಅಂಜುಮ ಪೀಪಾಯಿ ಇಳಿಸಿ ಒಲೆ ಇಟ್ಟಳು. ಪಂಪಿನಿಂದ ತುಸು ದೂರ, ಗ್ಯಾಸಿಗೆ ಬಂದ ರಿಕ್ಷಾಗಳ ಸಾಲು ತಿರುಗುವ ಮೂಲೆಯಲ್ಲಿ ವಡಾಪಾವ್ ಮಾರಿದಳು. ಗಂಡನ ಸೊಂಟ ಹೋದಾಗ ಸಲ್ಮಾ ಶಾಲೆಯ ಏಳನೇ ಇಯತ್ತೆ ಬಿಟ್ಟು ಆಲೂಗಡ್ಡೆ ಸುಲಿಯಲು ಕೂತಳು. ಅಂದಿನಿಂದ ಅವಳ ಮಾತೂ ಕಮ್ಮಿ. ಗಿರಾಕಿಗೆ ಚಟ್ನಿ ಬೇಕೇ ಅಂತ ಕಣ್ಣಲ್ಲೇ ಕೇಳುತ್ತಾಳೆ.

ಅಚಿಂತ್ಯನಿಗೆ ಈ ಗಾಡಿ ಕಂಡರೆ ಆಗುತ್ತಿರಲಿಲ್ಲ. ಅವನ ಗಿರಾಕಿಗಳಿಗೆ ವಡೆಯ ವಾಸನೆ ಬರುತ್ತದಂತೆ. ಪೆಟ್ರೋಲಿನದು ಬರುವುದಿಲ್ಲ. ಎರಡು ಸಲ ಮುನಸಿಪಾಲ್ಟಿ ಲಾರಿ ಬಂದು ಗಾಡಿ ಎತ್ತಿಕೊಂಡು ಹೋಗಿತ್ತು. ಎರಡು ಸಲವೂ ಅಂಜುಮ ಅತ್ತು ಕರೆದು ಬಿಡಿಸಿಕೊಂಡು ಬಂದಿದ್ದಳು. ಆ ಎರಡೂ ದಿನ ಅಚಿಂತ್ಯ ಮೇಲಿನ ಆಫೀಸಿನ ಕಿಟಕಿಯಲ್ಲಿ ನಿಂತಿದ್ದುದನ್ನು ಸಲ್ಮಾ ನೋಡಿದ್ದಳು.

ಅಂಥವನು ಹೋದ ವಾರ ತಾನೇ ನಡೆದು ಬಂದ. ವಡೆ ತಿಂದ. ಬೆರಳು ನೆಕ್ಕಿದ.

"ವಾವ್, ಆಂಟಿ! ಈ ಗಾಡಿ ನಮ್ಮ ಹೆರಿಟೇಜ್, ಮಾಲೂಮ್ ಹೈ? ಒಂದ್ ದಿನ... ಫಂಕ್ಷನ್ ಕೇ ಲಿಯೇ... ಕೊಡಿ, ಪ್ಲೀಸ್."

ಗಾಡಿ ಕೇಳಿದವರಿಗೆ ಇಲ್ಲ ಅನ್ನಬಾರದು. ಅದು ಗುಡುಸಾಬನ ಮನೆಯ ರೀತಿ. ಚಾಳಿನ ಮದುವೆಗೆ ಅಡುಗೆಯ ಡೇಗು ಸಾಗಿಸಿದ್ದು ಅದೇ ಗಾಡಿ, ನೆರೆಮನೆಯ ಬಸಲಿಂಗವ್ವನಿಗೆ ಹೆರಿಗೆ ಬ್ಯಾನಿ ಎದ್ದಾಗ ಆಸ್ಪತ್ರೆಗೆ ಒಯ್ದದ್ದೂ ಅದೇ. ಒಯ್ದವರು ತಿರುಗಿ ತರುವಾಗ ತೊಳೆದು, ಹಲಗೆಯ ಮೇಲೆ ಒಂದು ಹಿಡಿ ಸಕ್ಕರೆಯ ಪೊಟ್ಟಣ ಇಟ್ಟು ತರುತ್ತಿದ್ದರು. ಸಕ್ಕರೆ ಬಂತೆಂದರೆ ಗಾಡಿ ಬಂತು. ಗುಡುಸಾಬ ಅಚಿಂತ್ಯನಿಗೂ ಹೂಂ ಅಂದ, ಬಸಲಿಂಗವ್ವನ ಗಂಡನಿಗೆ ಅಂದ ಹಾಗೆಯೇ.

ಸಲ್ಮಾ ಮಾತ್ರ ಪಂಪಿಗೆ ಹೋಗಿ ಅಲ್ಲಿ ಹೊಸದಾಗಿ ಕಟ್ಟಿದ್ದ ಗಾಜಿನ ಕೋಣೆಯನ್ನು ಇಣುಕಿ ಬಂದಿದ್ದಳು. ಈಗ ನಾರು ತೊಳೆಯುತ್ತ ಮೆಲ್ಲಗೆ ಅಂದಳು:

"ಅವ್ವಾ, ಅಲ್ಲಿ ನೆಲದಾಗ ಬೋಲ್ಟ್ ಹಾಕ್ಯಾರ. ಇಷ್ಟಿಷ್ಟ ದಪ್ಪಾವು."

"ಹಾಕಿದ್ರ ಬಿಚ್ಚತಾರ. ನೀ ಕೈ ಆಡಸು."

ಮರುದಿನ ಮುಂಜಾನೆ ಟೆಂಪೋ ಬಂದು ಗಾಡಿ ಒಯ್ದಿತು. ಸಂಜೆ ಮುಂದೆ ಇವರು ಮೂವರೂ ಪಂಪಿಗೆ ಹೋದರು. ಅಂಜುಮ ರಂಜಾನಿನ ಸೀರೆ ಉಟ್ಟಿದ್ದಳು. ಗುಡುಸಾಬ ಸಲ್ಮಾಳ ಹೆಗಲು ಹಿಡಿದಿದ್ದ.

ಗಾಜಿನ ಕೋಣೆಯೊಳಗೆ ಗಾಡಿ ನಿಂತಿತ್ತು. ಮೊದಲು ಸಲ್ಮಾಗೆ ಗುರುತೇ ಹತ್ತಲಿಲ್ಲ. ನಿನ್ನೆಯೆಲ್ಲ ಕೈ ಸವೆಸಿ ತಿಕ್ಕಿದ ಗಾಲಿಯ ಮೇಲೆ ಯಾರೋ ಕಂದು ಬಣ್ಣ ಹೊಡೆದಿದ್ದರು, ತುಕ್ಕಿನ ಹಾಗೆ, ಮಣ್ಣಿನ ಹಾಗೆ.

"ಬಹಳ ಕ್ಲೀನ್ ಆಗ್ಬಿಟ್ಟಿತ್ತು," ಅಂದ ಅಚಿಂತ್ಯ. "ಓಲ್ಡ್ ಲುಕ್ ಬೇಕಲ್ಲಾ."

ಬಡವರ ಹೊಲಸು ಬೇಡ, ಡಬ್ಬಿಯಲ್ಲಿ ತಂದ ಹೊಲಸು ಬೇಕು.

ಗಾಡಿಯ ಹಿಂದೆ ಬಟ್ಟೆ ಅಂಗಡಿಯ ಗೊಂಬೆಯೊಂದನ್ನು ನಿಲ್ಲಿಸಿದ್ದರು. ಹಾಲು ಬಿಳುಪಿನ ಗೊಂಬೆ. ಜರಿ ಪಂಚೆ, ಕಪ್ಪು ಕೋಟು, ಮೈಸೂರು ಪೇಟ. ಎರಡು ಬೆರಳಲ್ಲಿ ಗಾಡಿಯ ಹಿಡಿ ಮುಟ್ಟಿಕೊಂಡು ಆಕಾಶ ನೋಡಿ ನಗುತ್ತಿತ್ತು. ಕೆಳಗೆ ಹಿತ್ತಾಳೆ ಫಲಕ: ನಮ್ಮ ಸಂಸ್ಥಾಪಕರು ಸ್ವಹಸ್ತದಿಂದ ತಳ್ಳಿದ ಗಾಡಿ.

"ಯಾರಲೇ ಈ ಮದಿಮಗ?" ಅಂದ ಗುಡುಸಾಬ.

ರಿಕ್ಷಾಕ್ಕೆ ಗ್ಯಾಸ್ ತುಂಬುತ್ತಿದ್ದ ಮರೆಪ್ಪ ಕಿಸಕ್ಕನೆ ನಕ್ಕ. "ಅದು ನೀನ ಮಾವಾ! ನಿನಗ ಪೇಟ ಸುತ್ತ್ಯಾರ. ಆರಾಮ ನೌಕರಿ ನೋಡ, ಡಬಲ್ ಡ್ಯೂಟಿ ಇಲ್ಲ, ಸೊಂಟಾ ನೋಯಂಗಿಲ್ಲ."

ಟೋಪಿ ಹಾಕಿದ ಸಿಲಿಂಡರ್ ಹುಡುಗರೆಲ್ಲ ನಕ್ಕರು. ಸದಾನಂದ ತಿರುಗಿ ನೋಡಿದ. ಎಲ್ಲರೂ ನೆಲ ನೋಡಿದರು.

ಭಾಷಣ ಆಯಿತು. ಗಾಲಿಕುರ್ಚಿಯಲ್ಲಿ ಕೂತ ಶಾಮಣ್ಣನಿಗೆ ಶಾಲು ಹೊದಿಸಿದರು, ಅವರ ಬೆವರಿನ ಬಗ್ಗೆ ಸದಾನಂದ ಬಹಳ ಹೊತ್ತು ಮಾತಾಡಿದ. ಬೆವರು ಅಂದಾಗಲೆಲ್ಲ ಫ್ಯಾನು ಶಾಮಣ್ಣನ ಕಡೆಗೇ ತಿರುಗಿತ್ತು. ಆಮೇಲೆ ಗುಡುಸಾಬನನ್ನು ಕರೆದು ಗೊಂಬೆಯ ಪಕ್ಕ ನಿಲ್ಲಿಸಿದರು. ಗೊಂಬೆ ಬೀಳದಂತೆ ಹಿಂದೆ ಸ್ಟ್ಯಾಂಡ್ ಕೊಟ್ಟಿದ್ದರು. ಗುಡುಸಾಬನಿಗೆ ಸಲ್ಮಾ ಇದ್ದಳು.

"ಚಾಚಾ, ಸ್ವಲ್ಪ ಸ್ಮೈಲ್," ಅಂದ ಅಚಿಂತ್ಯ.

"ಏನಪ್ಪಾ ಗುಡುಸಾಬ, ಚೆನ್ನಾಗಿದ್ದೀಯಾ?" ಅಂದರು ಶಾಮಣ್ಣ. ಉತ್ತರಕ್ಕೆ ಮೊದಲೇ ಬೇರೆ ಯಾರಿಗೋ ನಮಸ್ಕಾರ ಮಾಡಿದರು.

ಫೋಟೋ ತೆಗೆದ ಮೇಲೆ ಅಚಿಂತ್ಯ ಗುಡುಸಾಬನ ಕೈಗೆ ಪೇಢೆಯ ಡಬ್ಬಿ ಇಟ್ಟ. ಕೋಣೆಯ ಬಾಗಿಲಲ್ಲಿ ನಿಂತ ಅಂಜುಮಳ ಮುಖ ಅರಳಿತು. ಸಿಹಿ ಬಂತೆಂದರೆ ಗಾಡಿ ಬಂತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು.

"ಸಾಹೇಬ್ರ, ಟೆಂಪೋ ಬ್ಯಾಡ. ನಾವ ತಳ್ಳಿಕೊಂಡ ಹೋಗತೀವಿ."

"ಏನು?"

"ಗಾಡಿರೀ."

ಅಚಿಂತ್ಯ ನಕ್ಕ. "ಅರೇ ಆಂಟಿ, ಗಾಡಿ ಈಗ ಮ್ಯೂಸಿಯಂನಲ್ಲಿ ಇದೆ! ಪರ್ಮನೆಂಟ್. ನಿಮಗೆ ಪ್ರೌಡ್ ಆಗ್ಬೇಕು. ಎನಿವೇ, ಆ ಕಾರ್ನರ್‌ನಲ್ಲಿ ಈಗ ನಮ್ಮ ಗಿಡಗಳು ಬರ್ತವೆ."

ಸಲ್ಮಾ ಗಾಜಿನಾಚೆ, ರಸ್ತೆಯ ಕಡೆ ನೋಡಿದಳು. ಅವರು ಗಾಡಿ ನಿಲ್ಲಿಸುತ್ತಿದ್ದ ಮೂಲೆಯಲ್ಲಿ ದೊಡ್ಡ ದೊಡ್ಡ ಸಿಮೆಂಟ್ ಕುಂಡಗಳು ಆಗಲೇ ಬಂದು ಕೂತಿದ್ದವು. ಮುಂಜಾನೆ ಇರಲಿಲ್ಲ. ಲಾರಿ ಎರಡು ಸಲ ಬಂದರೂ ಆಗದ ಕೆಲಸ ಒಂದು ವಡೆ ತಿಂದು ಆಗಿತ್ತು.

"ಚಾಚಾ ಎರಡು ಮಾತು ಹೇಳ್ತಾರೆ," ಎಂದು ಯಾರೋ ಗುಡುಸಾಬನ ಬಾಯಿಗೆ ಮೈಕು ಹಿಡಿದರು. ಅವನು ಗಾಡಿಯ ಹಿಡಿ ನೋಡುತ್ತಿದ್ದ. ಅವನ ಅಂಗೈ ಉಜ್ಜಿ ಉಜ್ಜಿ ಗುಳಿ ಬಿದ್ದ ಜಾಗದಲ್ಲಿ ಗೊಂಬೆಯ ಎರಡು ಬೆರಳಿದ್ದವು. ಕೆಮ್ಮು ಬಂತು. ಸ್ಪೀಕರಿನಲ್ಲಿ ಕೆಮ್ಮು ಕೇಳಿ ಜನ ಚಪ್ಪಾಳೆ ತಟ್ಟಿದರು.

ಪೇಢೆಯ ಡಬ್ಬಿ ಸಲ್ಮಾ ತೆಗೆದುಕೊಂಡಳು. ಅದನ್ನು ಒಯ್ದು ಶಾಮಣ್ಣನ ತೊಡೆಯ ಮೇಲೆ, ಶಾಲಿನ ಮೇಲೆ ಇಟ್ಟಳು. ತಿರುಗಿ ಬಂದು ಅಜ್ಜನ ಮುಂದಿನ ಮೈಕು ತನ್ನ ಕಡೆ ಎಳೆದುಕೊಂಡಳು. ಚಪ್ಪಾಳೆ ನಿಂತಿತು. ಅವಳ ದನಿ ಪಂಪು ದಾಟಿ, ಕುಂಡಗಳನ್ನು ದಾಟಿ, ರಿಕ್ಷಾಗಳ ಸಾಲಿನ ಕೊನೆಯವರೆಗೂ ಕೇಳಿತು.

"ನಾಳೆ ಮುಂಜಾನೆ ವಡಾ ಹಾಕಬೇಕ್ರಿ."

ಸದಾನಂದ ಶಾಲಿನ ಮಡಿಕೆ ಸರಿ ಮಾಡಿದ. ಅಚಿಂತ್ಯ ಮೊಬೈಲು ನೋಡಿದ. ಮರೆಪ್ಪನ ಕೈಯಲ್ಲಿ ಗ್ಯಾಸಿನ ಪೈಪು ಹಾಗೇ ನಿಂತಿತ್ತು. ಒಬ್ಬ ರಿಕ್ಷಾದವನು ಇಂಜಿನ್ ಬಂದ್ ಮಾಡಿದ. ಅವನ ಹಿಂದಿನವನೂ ಮಾಡಿದ.

ಸಲ್ಮಾ ಮೈಕು ಬಿಡಲಿಲ್ಲ. "ನಮ್ಮ ಗಾಡಿ ನಮಗ ಕೊಡ್ರಿ."